ಎಫ್-ಒನ್ ಒತ್ತಿದ್ರೆ ಆಯ್ತು

ಟೈಪಿಂಗ್ ಕಲಿತವರಿಗೆ ಒಂದು ರೋಗ ಅಂಟಿರುತ್ತದೆ. ಹಾಳೆಯಲ್ಲಿ ತಪ್ಪು ಬಿದ್ದರೆ ಅದು ಯಂತ್ರದ್ದಲ್ಲ, ಬೆರಳಿನದು ಎಂದು ನಂಬಿಬಿಟ್ಟಿರುತ್ತಾರೆ. ಕಡೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟೊಂದರಲ್ಲಿ ನಾನೇ ಎಷ್ಟೋ ವರ್ಷ ಹುಡುಗಿಯರಿಗೆ ಹಾಗೆ ಹೇಳಿಕೊಟ್ಟೆ, ತಪ್ಪಿಗೆಲ್ಲ ಕೆಂಪು ಸುತ್ತು ಹಾಕಿದೆ. ಆ ಪಾಠ ತಿರುಗಿ ನನಗೇ ಬಡಿಯುತ್ತದೆ ಅಂತ ಗೊತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಪ್ರಿನ್ಸಿಪಾಲರು ಒಂದು ಕಂಪ್ಯೂಟರ್ ತರಿಸಿದರು. ಇನ್‌ಸ್ಟಿಟ್ಯೂಟು ಅವರದೇ, ಮನೆಯ ಮುಂದಿನ ಪಡಸಾಲೆಯಲ್ಲಿತ್ತು. ಕಂಪ್ಯೂಟರ್ ಕಲಿಸುವ ಕೆಲಸ ನನಗೇ ಎಂದು ಮಾತಾಗಿತ್ತು. ಅದಕ್ಕಾಗಿ ಬೆಂಗಳೂರಿನ ಚಿಕ್ಕಮ್ಮನ ಮನೆಯಲ್ಲಿದ್ದು ಒಂದು ಬೇಸಿಗೆಯೆಲ್ಲ ಕಲಿತು ಬಂದಿದ್ದೆ. ಅಜ್ಜಂಪುರದಿಂದ ದಿನಾ ರೈಲಿನಲ್ಲಿ ಬರುವಾಗ ಬೀರೂರು ದಾಟುವ ಹೊತ್ತಿಗೆ ಮನಸ್ಸಿನಲ್ಲೇ ಪಾಠ ಶುರುವಾಗಿರುತ್ತಿತ್ತು. ವಯಸ್ಸು ಮೂವತ್ತರ ಹತ್ತಿರ, ಮದುವೆಯಾಗಿಲ್ಲ. ಮನೆಯಲ್ಲಿ ಚುಚ್ಚುಮಾತು ಕೇಳದ ದಿನವಿರಲಿಲ್ಲ. ಕಂಪ್ಯೂಟರ್ ಮೇಡಂ ಅನ್ನಿಸಿಕೊಂಡರೆ ಆ ಬಾಯಿಗಳು ಮುಚ್ಚುತ್ತವೆ ಅಂದುಕೊಂಡಿದ್ದೆ.

ಯಂತ್ರ ಕೂರಿಸಲು ಬಂದವನು ಹೋಗುವಾಗ, "ಧೂಳಾದ್ರೆ ಕೆಡುತ್ತೆ, ಚಪ್ಪಲಿ ಹೊರಗೇ ಬಿಡಿ" ಅಂದ. ಅಷ್ಟೇ ಸಾಕಾಯಿತು. ಪ್ರಿನ್ಸಿಪಾಲರ ತಾಯಿಗೆ, ಚಪ್ಪಲಿ ಬಿಟ್ಟು ಹೋಗುವ ಕೋಣೆ ಅಂದರೆ ದೇವರ ಕೋಣೆಯೇ. ಮೊದಲು ಹೊಸ್ತಿಲಿಗೆ ರಂಗೋಲಿ ಬಂತು, ಆಮೇಲೆ ಸರಸ್ವತಿಯ ಪಟ, ಅದರ ಮುಂದೆ ಎಣ್ಣೆ ದೀಪ. ಧೂಳಿಗೆ ಹೆದರಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ದೀಪದ ಮಸಿ ಕೂರತೊಡಗಿತು. ಹೇಳಿದರೆ, "ದೀಪ ಆರ್ಸು ಅನ್ನೋಕೆ ನೀನ್ಯಾರೇ?" ಅಂದರು.

ಆ ವರ್ಷ ದಸರಾ ರಜೆ ಮುಗಿದ ಮೇಲೆ ಸ್ವಿಚ್ ಹಾಕಿದವಳು ನಾನು. ಯಂತ್ರ ಕುಂಯ್ ಅಂತು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು: ಎರರ್, ಬ್ಯಾಟರಿ ಸೋತಿದೆ, ಮುಂದುವರಿಯಲು ಎಫ್-ಒನ್ ಒತ್ತಿ. ಒತ್ತಿದೆ. ಎಲ್ಲ ಎಂದಿನಂತೆ ನಡೆಯಿತು. ಒಳಗಿರುವ ಪುಟ್ಟ ಬ್ಯಾಟರಿ ಸತ್ತರೆ ಅದಕ್ಕೆ ತಾರೀಕು ಮರೆತುಹೋಗುತ್ತದೆ, ಅಷ್ಟೆ. ಬೆಳಿಗ್ಗೆ ನಾವೇ ತಾರೀಕು ಹೇಳಿಕೊಟ್ಟರೆ ಸಂಜೆಯವರೆಗೆ ನೆನಪಿಟ್ಟುಕೊಳ್ಳುತ್ತದೆ. ನಮ್ಮ ಅಜ್ಜನೂ ಕೊನೆಗಾಲದಲ್ಲಿ ಹಾಗೇ ಇದ್ದ. ಅದಕ್ಕೆ ಯಾರೂ ಯಾರನ್ನೂ ಬೈಯಲಿಲ್ಲ.

ಅಷ್ಟರಲ್ಲಿ ಆ ಸದ್ದಿಗೆ ತಾಯಿ, ಮಗ ಇಬ್ಬರೂ ಬಾಗಿಲಿಗೆ ಬಂದಿದ್ದರು. ಪ್ರಿನ್ಸಿಪಾಲರು 'ಎರರ್' ಓದಿಕೊಂಡಿದ್ದರು.

"ಏನ್ ಒತ್ತಿದ್ರಿ ಮೇಡಂ?"

"ಏನಿಲ್ಲ ಸಾರ್. ಬ್ಯಾಟರಿ ಹೋಗಿದೆ. ಎಫ್-ಒನ್ ಒತ್ತಿದ್ರೆ ಆಯ್ತು."

"ಎರರ್ ಅಂತ ಬಂತಲ್ರೀ. ತಪ್ಪು ಮಾಡ್ದೆ ಸುಮ್‌ಸುಮ್ನೆ ಬತ್ತದಾ?"

ತಾಯಿ ಪರದೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ನಿಜ ಹೇಳವ್ವಾ, ಮುಟ್ಟಾಗಿದ್ದೀಯಾ?"

ಮಗನ ಎದುರಿಗೆ ಕೇಳಿದರು. ಪಡಸಾಲೆಯಲ್ಲಿ ಹುಡುಗಿಯರ ಟೈಪ್‌ರೈಟರುಗಳೆಲ್ಲ ಒಟ್ಟಿಗೇ ನಿಂತವು. ಆಗಿರಲಿಲ್ಲ. ಇಲ್ಲ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ನನಗೆ ಮೈಯೆಲ್ಲ ಉರಿದುಹೋಗಿತ್ತು. "ಅದು ನಿಮಗ್ಯಾಕೆ ಅಮ್ಮಾವ್ರೇ? ಬ್ಯಾಟರಿ ಸತ್ರೆ ನನ್ನ ಮೈ ಏನ್ ಮಾಡುತ್ತೆ?" ಅಂದೆ. ನಾನು ಇಲ್ಲ ಅನ್ನಲಿಲ್ಲವಾದ್ದರಿಂದ ಹೌದು ಎಂದೇ ತೀರ್ಮಾನವಾಯಿತು.

ಮರುದಿನ ಕೋಣೆಗೆ ಗಂಜಲ ಚಿಮುಕಿಸಿದ್ದರು. ಸ್ವಿಚ್ ಹಾಕಿದೆ, ಎರರ್ ಮತ್ತೆ ಬಂತು. "ನೋಡ್ದೇನೋ?" ಅಂದರು ತಾಯಿ. ಪ್ರಿನ್ಸಿಪಾಲರು ನೆಲ ನೋಡುತ್ತ, "ಸ್ವಲ್ಪ ದಿನ ಟೈಪಿಂಗೇ ನೋಡ್ಕೊಳ್ಳಿ ಮೇಡಂ, ಅಮ್ಮಂಗೆ ಸಮಾಧಾನ ಆಗ್ಲಿ" ಅಂದರು. ಬಿ.ಎ. ಓದಿದವರು. ಮುಟ್ಟಿಗೂ ಬ್ಯಾಟರಿಗೂ ಸಂಬಂಧವಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಮುದುಕಿಯನ್ನು ಎಂದೋ ಕ್ಷಮಿಸಿಬಿಟ್ಟೆ. ಪ್ರಿನ್ಸಿಪಾಲರ ಮೇಲಿನ ಸಿಟ್ಟು ಮಾತ್ರ ಇವತ್ತಿಗೂ ಇಳಿದಿಲ್ಲ.

ಸ್ವಲ್ಪ ದಿನ ಅನ್ನುವುದು ಸಂಕ್ರಾಂತಿ ದಾಟಿತು. ತರೀಕೆರೆಯಿಂದ ಪ್ರಿನ್ಸಿಪಾಲರ ಅಕ್ಕನ ಮಗ ಬಂದ, ಕಂಪ್ಯೂಟರ್ ಮೇಷ್ಟ್ರಾದ. ಯಾವ ಸ್ವಿಚ್ ಮೊದಲು, ಫ್ಲಾಪಿ ಯಾವ ಕಡೆ ಮೇಲಾಗಿ ಹಾಕಬೇಕು ಎಂದು ಅವನಿಗೆ ಹೇಳಿಕೊಟ್ಟವಳು ನಾನೇ, ಹೊಸ್ತಿಲಾಚೆ ನಿಂತು. ಬ್ಯಾಟರಿಯನ್ನು ಯಾರೂ ಬದಲಾಯಿಸಲಿಲ್ಲ. ದಿನಾ ಬೆಳಿಗ್ಗೆ ಕುಂಯ್ ಅನ್ನುವುದು ಪಡಸಾಲೆಗೆ ಕೇಳಿಸುತ್ತಿತ್ತು.

ಒಂದು ದಿನ ದೀಪಕ್ಕೆ ಎಣ್ಣೆ ಹಾಕಲು ಬಂದ ತಾಯಿ ಅವನನ್ನು ಕೇಳಿದರು. "ಏನ್ಲಾ ಅದು, ದಿನಾ ಹಂಗೇ ಕೂಗ್ತೈತಲ್ಲ?"

"ಏನಿಲ್ಲ ಕಣಜ್ಜಿ. ಬ್ಯಾಟರಿ ಹೋಗೈತೆ. ಎಫ್-ಒನ್ ಒತ್ತಿದ್ರೆ ಆಯ್ತು."

"ಹಂಗಾ" ಅಂದರು. ದೀಪಕ್ಕೆ ಎಣ್ಣೆ ಹಾಕಿ, ಬತ್ತಿ ಸರಿಮಾಡಿ, ಒಳಗೆ ಹೋದರು.

ನನ್ನ ಮುಂದೆ ಒಬ್ಬ ಹುಡುಗಿಯ ಹಾಳೆ ಇತ್ತು. ಅದರಲ್ಲಿದ್ದ ತಪ್ಪಿಗೆಲ್ಲ ಒಂದೂ ಬಿಡದೆ ಸುತ್ತು ಹಾಕಿದೆ. ಹಾಳೆ ಹರಿದುಹೋಗುವಷ್ಟು ಒತ್ತಿ ಹಾಕಿದೆ.