‘ಟು’ ಬೇಕೋ ‘ಇಂಗ್’ ಬೇಕೋ: ಚಪ್ಪಡಿಯ ಮೇಲೆ ಶಿವಕಾಂತಾ ಪಾಠ

ಬೆಳಗಿನ ಐದೂವರೆ. ತೆಲಂಗಾಣದ ತಾಂಡೂರಿನಿಂದ ಕೊಡಂಗಲ್‌ಗೆ ಹೋಗುವ ರಸ್ತೆಯ ಬದಿ, ಕಲ್ಲು ಪಾಲಿಶ್ ಮಾಡುವ ಶೆಡ್‌ನಲ್ಲಿ ಯಂತ್ರಗಳಿನ್ನೂ ಶುರುವಾಗಿಲ್ಲ. ಗೋಡೆಗೆ ಒರಗಿಸಿಟ್ಟ ನೀಲಿ ಚಪ್ಪಡಿಯ ಮೇಲೆ ಶಿವಕಾಂತಾ ಸೀಮೆಸುಣ್ಣದಿಂದ ಎರಡು ಇಂಗ್ಲಿಷ್ ವಾಕ್ಯ ಬರೆಯುತ್ತಾರೆ. ಒಂದರಲ್ಲಿ ‘ಸ್ಟಾಪ್ಡ್ ಡ್ರಿಂಕಿಂಗ್’, ಇನ್ನೊಂದರಲ್ಲಿ ‘ಸ್ಟಾಪ್ಡ್ ಟು ಡ್ರಿಂಕ್’. ಎದುರಿಗೆ ಗೋಣಿಚೀಲದ ಮೇಲೆ ಒಂಬತ್ತು ಮಂದಿ. ನೌಕರಿ ಪರೀಕ್ಷೆಗೆ ಓದುವವರು, ಏಳಕ್ಕೆ ಪಾಠ ಮುಗಿಸಿ ಕೂಲಿಗೋ ಅಂಗಡಿಗೋ ಓಡುವವರು.

“ಇಂಗ್ಲಿಷ್ ಮರೀರಿ. ಮನ್ಯಾಗ ಹ್ಯಾಂಗ ಮಾತಾಡ್ತೀರಿ ಹಂಗ ಹೇಳ್ರಿ” ಎನ್ನುತ್ತಾರೆ ಶಿವಕಾಂತಾ. “ಚಾ ಕುಡಿಯೋದು ಬಿಟ್ಟ. ಚಾ ಕುಡಿಯಾಕ ನಿಂತ. ಎರಡೂ ಒಂದೇನು? ಒಬ್ಬಾಂವ ಚಾ ಬಿಟ್ಟಾಂವ, ಇನ್ನೊಬ್ಬಾಂವ ಹೋಟೆಲ್ ಮುಂದ ನಿಂತಾಂವ. ಕುಡಿಯೋದು ಅಂದ್ರ ‘ಇಂಗ್’, ಕುಡಿಯಾಕ ಅಂದ್ರ ‘ಟು’.”

ವ್ಯಾಕರಣದ ಪುಸ್ತಕಗಳು ಇವನ್ನು ಜೆರಂಡ್, ಇನ್ಫಿನಿಟಿವ್ ಎನ್ನುತ್ತವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು ಆಡುವ ಈ ಮಕ್ಕಳಿಗೆ ಇಂಗ್ಲಿಷ್ ನಾಲ್ಕನೆಯ ಭಾಷೆ. ಅದರ ಬಾಗಿಲನ್ನು ಶಿವಕಾಂತಾ ಮೊದಲನೆಯ ಭಾಷೆಯಿಂದಲೇ ತೆಗೆಯುತ್ತಾರೆ. ಎಲ್ಲಕ್ಕೂ ಈ ಉಪಾಯ ನಡೆಯುವುದಿಲ್ಲವೆಂದು ಅವರಿಗೂ ಗೊತ್ತು. “ಎಂಜಾಯ್ ಮುಂದ ಟು ಬರಂಗಿಲ್ಲ, ಡಿಸೈಡ್ ಮುಂದ ಇಂಗ್ ಬರಂಗಿಲ್ಲ. ಯಾಕ ಅಂತ ಕೇಳಬ್ಯಾಡ್ರಿ. ಅತ್ತಿಮನಿ ಪದ್ಧತಿ ಇದ್ದಂಗ, ಕಲ್ತಕೋಬೇಕು ಅಷ್ಟ.” ಅಂಥ ನೂರ ಹನ್ನೆರಡು ಕ್ರಿಯಾಪದಗಳು ಅವರ ನೋಟ್‌ಬುಕ್ಕಿನಲ್ಲಿವೆ.

ಶಿವಕಾಂತಾಗೆ ಈಗ ಐವತ್ತೆರಡು. ಊರು ಯಾಲಾಲ್ ಕಡೆಯದು. ಹಳ್ಳಿಯ ಶಾಲೆಯೊಂದರಲ್ಲಿ ಹತ್ತೊಂಬತ್ತು ವರ್ಷ ಹಂಗಾಮಿಯಾಗಿ ಇಂಗ್ಲಿಷ್ ಕಲಿಸಿದವರು. “ಕಾಯಂ ಟೀಚರ್ ಬಂದ್ರು, ನಾಳಿಂದ ಬರಬ್ಯಾಡ್ರಿ ಅಂದ್ರು. ಹಾಜರಿ ಪುಸ್ತಕದಾಗ ಹೊಡದು ಹಾಕಾಕ ನನ್ನ ಹೆಸರs ಇರಲಿಲ್ರಿ.” ಆಮೇಲೆ ಶೆಡ್‌ನ ಮಾಲೀಕ ಮೊಗಲಪ್ಪ ಬೆಳಗಿನ ಹೊತ್ತು ಜಾಗ ಬಿಟ್ಟುಕೊಟ್ಟರು.

ಹೋದ ವರ್ಷ ಇಲ್ಲಿ ಇಪ್ಪತ್ಮೂರು ಮಂದಿ ಕೂರುತ್ತಿದ್ದರು. ಎಲ್ಲರಿಗಿಂತ ಚುರುಕು ಪೆದ್ದೆಮುಲ್‌ನ ಮನೀಷಾ. ಗುಮಾಸ್ತರ ಹುದ್ದೆಯ ಪರೀಕ್ಷೆಯಲ್ಲಿ ಆಕೆಗೆ ಒಂದು ಪ್ರಶ್ನೆ ಬಂತು: ದಾರಿಯಲ್ಲಿ ದಣಿದ ರೈತ ನೀರು ಕುಡಿಯಲು ನಿಂತ, ಇದಕ್ಕೆ ಸರಿಯಾದ ಇಂಗ್ಲಿಷ್ ಯಾವುದು? ಮನೀಷಾ ‘ಟು ಡ್ರಿಂಕ್’ ಗುರುತಿಸಿದಳು. ಎಲ್ಲರೂ ‘ಕೀ’ ಎನ್ನುವ ಅಧಿಕೃತ ಉತ್ತರಪಟ್ಟಿಯಲ್ಲಿ ‘ಡ್ರಿಂಕಿಂಗ್’ ಎಂದಿತ್ತು. ಒಂದೇ ಅಂಕದಲ್ಲಿ ಹುದ್ದೆ ತಪ್ಪಿತು.

ಫಲಿತಾಂಶ ಬಂದ ಮರುದಿನ ಆಕೆಯ ತಂದೆ ಕಾಶಿರಾಮ ಮೊಬೈಲಿನಲ್ಲಿ ಕೀ ತೋರಿಸುತ್ತ ಶೆಡ್‌ಗೆ ಬಂದ. “ಟೀಚರಮ್ಮ, ನೀವ್ ಹೇಳಿದ್ದs ಬರ್ದಾಳ. ಪೇಪರ್ ತೆಗದವ್ರು ತಪ್ಪಂತಾರ. ನಾವು ಯಾರನ್ನ ನಂಬಬೇಕ್ರಿ?” ಎಲ್ಲರೆದುರು ಕೇಳಿದ ಮಾತದು. ಅಧಿಕೃತ ಕೀ ತಪ್ಪಾಗಲು ಸಾಧ್ಯವೆಂದು ಯಾರಿಗೂ ಅನಿಸಲಿಲ್ಲ. ತಿಂಗಳೊಳಗೆ ಹದಿನಾಲ್ಕು ಮಂದಿ ಬರುವುದನ್ನು ನಿಲ್ಲಿಸಿದರು.

ಶಿವಕಾಂತಾ ಆಕ್ಷೇಪಣೆ ಬರೆದು ಮೂರು ಸಲ ಹೈದರಾಬಾದಿನ ಪರೀಕ್ಷಾ ಕಚೇರಿಗೆ ಹೋದರು. ಅರ್ಜಿಯಲ್ಲಿ ‘ಹುದ್ದೆ’ ಎಂಬ ಕಡೆ ಖಾಲಿ ಬಿಟ್ಟದ್ದಕ್ಕೆ ಅಲ್ಲಿಯವರು ಎರಡು ಸಲ ವಾಪಸು ಕಳಿಸಿದರು. ಮೂರನೆಯ ಸಲ ಶಿವಕಾಂತಾ ‘ಟೀಚರ್’ ಎಂದು ಬರೆದರು. “ಹತ್ತೊಂಬತ್ತು ವರ್ಷ ಮಾಡಿದ ಕೆಲಸ, ಬರೀವಾಗ ಕಳ್ಳಿ ಆದಂಗಾತು.”

ನಾಲ್ಕು ತಿಂಗಳ ಮೇಲೆ ಪತ್ರ ಬಂತು. ಆಕ್ಷೇಪಣೆ ಸರಿಯಾಗಿದೆ, ನೇಮಕಾತಿ ಮುಗಿದಿರುವುದರಿಂದ ಆಯ್ಕೆ ಪಟ್ಟಿ ಬದಲಾಗದು, ಮುಂದಿನ ಪರೀಕ್ಷೆಗಳಲ್ಲಿ ಗಮನಿಸಲಾಗುವುದು.

ಅಷ್ಟರಲ್ಲಿ ಮನೀಷಾ ಬೇಳೆ ಮಿಲ್ಲಿನಲ್ಲಿ ಬೇಳೆ ಹಸನು ಮಾಡುವ ಕೆಲಸಕ್ಕೆ ಸೇರಿದ್ದಳು. ಶಿವಕಾಂತಾ ಪತ್ರವನ್ನು ಪೆದ್ದೆಮುಲ್‌ಗೆ ಒಯ್ದರು. ಕಾಶಿರಾಮ ತಲೆ ಎತ್ತಲಿಲ್ಲ. ಮನೀಷಾ ನಿಂತಲ್ಲೇ ಓದಿ, ಮಡಚಿ, ಹಿಂದಕ್ಕೆ ಕೊಟ್ಟಳು. “ನೀವು ಖರೇನs ಹೇಳಿದ್ರಿ ಟೀಚರ್. ನಾನೂ ಖರೇನs ಬರ್ದಿದ್ದೆ. ಅದ್ರಿಂದ ಏನಾತ್ರಿ?” ಎಂದು ಬುತ್ತಿ ತಗೊಂಡು ಮಿಲ್ಲಿಗೆ ಹೊರಟಳು.

ಆದರೂ ಶಿವಕಾಂತಾ ಪಾಠ ನಿಲ್ಲಿಸಿಲ್ಲ. ಒಂಬತ್ತು ಮಂದಿಯಲ್ಲಿ ಇಬ್ಬರಿಗೆ ಈ ತಿಂಗಳೇ ಪರೀಕ್ಷೆ.

ನಿಮಗೇನು ಬೇಕು ಎಂದು ಕೇಳಿದರೆ ಹೇಳುತ್ತಾರೆ: “ಆ ಕೀ ಮಾಡಿದವ್ರು ಒಂದು ದಿನ ಇಲ್ಲಿ ಬಂದು ಕುಂದರ್ಲಿ. ಬೈಯಂಗಿಲ್ಲ, ಕಲಿಸ್ತೀನಿ. ಮನೀಷಾನ ಜಾಗಾ ಖಾಲಿ ಅದ.”