ಪಾಳಿ ಹಚ್ಚಿದ ಬಿಸಿಲು

ಸಾಂಗಲಿ ಹತ್ತಿರದ ಕಸಬೆ ಡಿಗ್ರಜ, ಮಧ್ಯಾಹ್ನ. ಇಲ್ಲಿನ ನೀರಾವರಿ ಸಹಕಾರಿ ಸಂಘದ ಪಂಪುಗಳನ್ನು ಸೌರ ವಿದ್ಯುತ್ತಿಗೆ ಬದಲಿಸಲು ಸಲಹೆ ಕೊಡಬೇಕೆಂದು ಬಂದಿದ್ದೇನೆ. ಊರೂರು ಸುತ್ತಿ ಇಂಥ ಸಲಹೆ ಕೊಡುವುದೇ ನನ್ನ ಕೆಲಸ. ಮಳೆಗಾಲದ ಒಂದು ಫೋಟೊ ನಂಬಿ, ಸಂಘದ ಅಂಗಳವನ್ನು ನಕ್ಷೆಯಲ್ಲಿ ‘ಖಾಲಿ ಜಾಗ’ ಎಂದು ಬರೆದು, ಸೌರ ಫಲಕಗಳನ್ನೆಲ್ಲ ಕಾಗದದ ಮೇಲೆ ಅಲ್ಲೇ ಕೂರಿಸಿದ್ದೆ. ಬಂದು ನೋಡಿದರೆ ಅಂಗಳದ ತುಂಬ ಬೇಯಿಸಿದ ಅರಿಶಿನ ಒಣಗಲು ಹರವಿದೆ.

ಅದನ್ನು ಕಾಲಿನಿಂದ ಕೆದರುತ್ತಿದ್ದ ಹಿರಿಯ ಹೆಂಗಸು ನನ್ನ ನಕ್ಷೆಯನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟರು.

"ಬಾಯಾರ, ಈ ಬಿಸಲಿಗಿ ಮನಿಮನಿಗಿ ಪಾಳಿ ಹಚ್ಚೇವ್ರಿ. ಈ ವಾರ ನಂದು. ನಿಮ್ಮ ಪ್ಯಾನೆಲ್ ಬಂದು ಕುಂತ್ರ ನಾವೆಲ್ಲಿ ಒಣಗಸೋಣು?"

"ಮಾವಶಿ, ಪಂಪಿಗಿ ರಾತ್ರಿ ಕಾಯೂದ ಬ್ಯಾಡ, ಹಗಲಿಗೇ ಕರೆಂಟ್ ಸಿಗತೈತಿ," ಎಂದರು ನನ್ನ ಜೊತೆಗಿದ್ದ ಸಂಘದ ಕಾರ್ಯದರ್ಶಿ. ಆ ಹೆಂಗಸು ಊರಿಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ.

"ಸಿಗಲೇಳೊ. ಅರಿಶಿಣ ಕೊಳತ್ರ ಸಾಂಗಲಿ ಪ್ಯಾಟ್ಯಾಗ ನಿನ್ನ ಕರೆಂಟ್ ಮಾರ್ಲೇನು?"

ಪಕ್ಕದ ಗೋದಾಮಿನ ತಾರಸಿ ಆದೀತೇ ಎಂದು ಕೇಳಿದೆ.

"ಅಲ್ಲಿ ಬೆಕ್ಕ ಬಿಟ್ರ ಯಾರದೂ ಪಾಳಿ ಇಲ್ರಿ. ಆದ್ರ ನೆಳ್ಳ ಇತ್ತ ಬೀಳಬಾರದು."

ನೆರಳಿನ ಲೆಕ್ಕ ಹಾಕಲು ನಾನು ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಮಾವಶಿ ಮನೆಯಿಂದ ಹಿಟ್ಟು ನಾದುವ ದೊಡ್ಡ ಪರಾತ ತಂದು ಕಾರ್ಯದರ್ಶಿಯ ಕೈಗಿತ್ತು, ತಾರಸಿಗೆ ಹತ್ತಿಸಿಬಿಟ್ಟರು. ಕಾರ್ಯದರ್ಶಿ ಅದನ್ನು ಫಲಕದಂತೆ ಓರೆಯಾಗಿ ಎತ್ತಿ ಹಿಡಿದು ನಿಂತರು. ಪರಾತದ ನೆರಳು ಅರಿಶಿನದ ಅಂಚಿನ ಮೇಲೆ ಬಿತ್ತು.

"ಹಿಂದಕ ಸರಿ! ಇನ್ನೊಂದೀಟ!"

ಹೊತ್ತು ಇಳಿದಂತೆ ನೆರಳು ಉದ್ದವಾಗುತ್ತ ಬಂತು, ಕಾರ್ಯದರ್ಶಿ ಬೆವರು ಒರೆಸಿಕೊಳ್ಳುತ್ತ ಹಿಂದೆ ಹಿಂದೆ ಹೋದರು. ಐದು ಗಂಟೆಗೂ ನೆರಳು ಅಂಗಳ ಮುಟ್ಟದ ಜಾಗ ಕೊನೆಗೂ ಸಿಕ್ಕಿತು.

"ಅಲ್ಲೇ ನಿಂದ್ರೊ! ಬಾಯಾರ, ಬರಕೊಳ್ರಿ," ಎಂದರು ಮಾವಶಿ. ಬರೆದುಕೊಂಡೆ.