ಕುರಿ ಮಲಗಿದ ಕಲ್ಲು

ಬರಗಾಲಕ್ಕೆ ಔರಾದ ಕಡೆಯ ಆ ಊರಿನ ಅರ್ಧ ಜನ ಹೈದರಾಬಾದಿಗೆ ದುಡಿಯಲು ಹೋಗಿದ್ದರು. ಉಳಿದವರಿಗೆ ಬಾವಿಯ ಜಾಗ ತೋರಿಸಲು ಭೂವಿಜ್ಞಾನಿಯಾದ ನಾನು ಅಲ್ಲಿನ ಆಳವಾದ, ಇಕ್ಕಟ್ಟಾದ ಹಳ್ಳಕ್ಕೆ ಇಳಿದೆ. ಎರಡೂ ಕಡೆ ಗೋಡೆಯಂತೆ ಬಂಡೆ, ಮೇಲೆ ತೂತುತೂತಿನ ಕೆಂಪು ಕಲ್ಲು, ಕೆಳಗೆ ಕರಿಕಲ್ಲು.

"ತಳದಾಗ ತೋಡ್ರಿ, ನೀರು ಗ್ಯಾರಂಟಿ," ಎಂದೆ.

ಕುರಿ ಕಾಯುತ್ತಿದ್ದ ಮುದುಕಿ ನಕ್ಕಳು. "ತಳಾ ಒಣಗ್ಯಾದ್ರಿ ಸಾಹೇಬ್ರ. ಬಿಸಲಾಗ ನನ್ನ ಕುರಿ ಎಲ್ಲಿ ಮಲಗ್ಯಾವ ನೋಡ್ರಿ."

ಕೆಂಪು ಕಲ್ಲು, ಕರಿಕಲ್ಲು ಕೂಡುವಲ್ಲಿ ಕಟ್ಟೆಯಂತೆ ಚಾಚಿದ ಬಂಡೆಯ ಮೇಲೆ ಅವು ಒತ್ತಾಗಿ ಮಲಗಿದ್ದವು. ಕೈಯಿಟ್ಟೆ, ಬಂಡೆ ತಣ್ಣಗೆ ಜಿನುಗುತ್ತಿತ್ತು. ಕೆಂಪು ಕಲ್ಲಿನಲ್ಲಿ ಇಳಿದ ನೀರನ್ನು ಕರಿಕಲ್ಲು ತಡೆಯುತ್ತದೆಂದು ನಾನೇ ಎಷ್ಟೋ ಸಲ ಪಾಠ ಹೇಳಿದ್ದೆ. ಕುರಿ ಎಬ್ಬಿಸಿ ಅಲ್ಲೇ ಸುಣ್ಣದ ಗುರುತು ಹಾಕಿದೆ.

"ಮತ್ತ ಇವು ಎಲ್ಲಿ ಮಲಗಬೇಕ್ರಿ?" ಎಂದಳು.

ಬಾವಿಗೆ ನೀರು ಬಂತು. ವರದಿಯಲ್ಲಿ 'ಶಿಲಾಪದರಗಳ ಅಧ್ಯಯನದಿಂದ ಪತ್ತೆ' ಎಂದು ಬರೆದೆ. ಕುರಿಗಳಿಗೆ ಓದಲು ಬರುವುದಿಲ್ಲ, ನನ್ನ ಪುಣ್ಯ.